ಅಂಗಳದ ಗ್ಯಾರೇಜು: ಜೀಪಿನಿಂದ ಬೊಲೆರೊ ತನಕ

ಗಾಡಿಗಳ ಚರಿತ್ರೆ ಬರೆಯುವವರು ಹೆಚ್ಚಾಗಿ ಕಂಪೆನಿಗಳ ಚರಿತ್ರೆ ಬರೆಯುತ್ತಾರೆ. ಯಾವ ವರ್ಷ ಯಾವ ಮಾಡೆಲ್ ಬಂತು, ಎಷ್ಟು ಅಶ್ವಶಕ್ತಿ, ಬೆಲೆ ಎಷ್ಟು, ಅಷ್ಟೇ. ಆದರೆ ಗಾಡಿ ಷೋರೂಮಿನಲ್ಲಿ ಇರುವುದು ಕೆಲವು ದಿನ, ಮನೆಯಂಗಳದಲ್ಲಿ ಇರುವುದು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷ ಅದನ್ನು ಬದುಕಿಸಿದವರು ಯಾರು, ಅವರಿಗೆ ಆ ವಿದ್ಯೆ ಎಲ್ಲಿಂದ ಬಂತು, ಮುಂದೆ ಅದು ಯಾರ ಕೈಗೆ ಹೋಗುತ್ತದೆ ಎಂದು ಬರೆದಿಡುವವರು ಕಡಿಮೆ.

ನಮ್ಮ ಬ್ಯಾರಿಗಳಲ್ಲಿ ಲಾರಿ, ಬಸ್ಸು, ಮೀನಿನ ಗಾಡಿ, ಮರದ ವ್ಯಾಪಾರ, ಗುಜರಿ ಅಂಗಡಿ, ಇವುಗಳಲ್ಲಿ ಯಾವುದಾದರೂ ಒಂದು ಕಸುಬಿನವರು ನೆಂಟರಿಷ್ಟರಲ್ಲಿ ಇದ್ದೇ ಇರುತ್ತಾರೆ. ಹಾಗಾಗಿ ಈ ಚರಿತ್ರೆ ನಮಗೂ ಸೇರಿದ್ದು. ನಾನು ಬೆಳೆದದ್ದು ಗೋವಾದ ಗಣಿ ಸೀಮೆಯ ಕುಡಚಡೆಯಲ್ಲಿ, ಉಪ್ಪನ ಜಿನಸು ಅಂಗಡಿಯ ಹಿಂದಿನ ಮನೆಯಲ್ಲಿ. ಓದಿದ್ದು ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ. ನಮ್ಮ ಅಂಗಳದಲ್ಲಿ 2004ರ ಒಂದು ಬೊಲೆರೊ ಈಗಲೂ ಓಡುತ್ತಿದೆ. ಆ ಒಂದು ಗಾಡಿಯ ಬಾನೆಟ್ ಎತ್ತಿ ನೋಡಿದರೆ ಎಂಬತ್ತು ವರ್ಷದ ಚರಿತ್ರೆ ಕಾಣುತ್ತದೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಸೈನಿಕನೇ ಮೆಕ್ಯಾನಿಕ್

ಎಸ್‌ಯುವಿ ಎಂದು ಇಂದು ನಾವು ಕರೆಯುವ ಗಾಡಿಗಳ ಅಜ್ಜ ಜೀಪು. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ 135 ಕಂಪೆನಿಗಳಿಗೆ ಕಾಗದ ಬರೆದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಹಗುರ ಗಾಡಿಯೊಂದು ಬೇಕೆಂದು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ 49 ದಿನದಲ್ಲಿ ಮಾದರಿ ಗಾಡಿ ಮಾಡಿ ಒಪ್ಪಿಸಿತು. ಅದರ ನಕ್ಷೆ ಮಾಡಿದವರು ಕಾರ್ಲ್ ಪ್ರಾಬ್ಸ್ಟ್. ಕೊನೆಗೆ ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಅವೆರಡೂ ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದ್ದವು. ಎಂಜಿನ್ 2.2 ಲೀಟರಿನದು, ಶಕ್ತಿ 60 ಅಶ್ವಶಕ್ತಿ.

ಈ ಲೇಖನಕ್ಕೆ ಮುಖ್ಯವಾದದ್ದು ಎಂಜಿನಿನ ಶಕ್ತಿಯಲ್ಲ, ಅದರ ಜೊತೆ ಕೊಟ್ಟ ಪುಸ್ತಕ. ಅಮೆರಿಕದ ಸೈನ್ಯ ಜೀಪಿನ ಜೊತೆ ಟಿಎಂ 9-803 ಎಂಬ ಕೈಪಿಡಿ ಕೊಡುತ್ತಿತ್ತು. ಅದರಲ್ಲಿ ಗಾಡಿಯ ಕೆಲಸಗಳನ್ನು ಹಂತ ಹಂತವಾಗಿ ಹಂಚಿದ್ದರು. ಮೊದಲ ಹಂತ ಡ್ರೈವರನದು. ಹೊರಡುವ ಮೊದಲು ಏನು ನೋಡಬೇಕು, ಓಡುವಾಗ ಯಾವ ಸದ್ದಿಗೆ ಕಿವಿ ಕೊಡಬೇಕು, ನಿಲ್ಲಿಸಿದಾಗ ಎಲ್ಲಿ ಕೈ ಇಟ್ಟು ಬಿಸಿ ನೋಡಬೇಕು, ಊರು ಸೇರಿದ ಮೇಲೆ ಏನು ತೊಳೆಯಬೇಕು, ಎಲ್ಲವೂ ಇತ್ತು. ಯುದ್ಧಭೂಮಿಯಲ್ಲಿ ವರ್ಕ್‌ಶಾಪು ಸಿಗುವುದಿಲ್ಲ, ಆದ್ದರಿಂದ ಓಡಿಸುವವನಿಗೇ ಗಾಡಿಯ ಆರೋಗ್ಯ ಗೊತ್ತಿರಬೇಕು ಎಂಬುದು ಅದರ ಲೆಕ್ಕ.

ಉಪ್ಪ ಅಂಗಡಿ ಇಡುವ ಮೊದಲು ಮಂಗಳೂರು–ಗೋವಾ ಲೈನಿನ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ಅವರು ಆ ಕೈಪಿಡಿಯನ್ನು ನೋಡಿಲ್ಲ. ಆದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ನೆಲ ನೋಡುತ್ತಿದ್ದರು. ರಾತ್ರಿ ತೊಟ್ಟಿಕ್ಕಿದ ಹನಿ ಕಪ್ಪಾದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ವಾಸನೆ ಬಂದರೆ ಗೇರ್ ಅಥವಾ ಡಿಫರೆನ್ಶಿಯಲ್ ಆಯಿಲ್. ಚಕ್ರದ ಒಳಬದಿಯಲ್ಲಿ ತೆಳ್ಳಗೆ ಜಿಡ್ಡು ಕಂಡರೆ ಬ್ರೇಕ್ ಆಯಿಲ್, ಅಂದು ಗಾಡಿ ತೆಗೆಯುವ ಹಾಗಿಲ್ಲ. ಸೈನ್ಯದ ಕೈಪಿಡಿಯೂ ಲಾರಿಯ ಕ್ಲೀನರನೂ ಹೇಳಿದ್ದು ಒಂದೇ ಪಾಠ. ಸೈನ್ಯ ಅದನ್ನು ಅಚ್ಚು ಹಾಕಿಸಿತು, ಲಾರಿ ಲೈನಿನಲ್ಲಿ ಅದು ಬಾಯಿಂದ ಬಾಯಿಗೆ ಬಂತು.

ಡಿಸ್ಪೋಸಲ್ ಜೀಪಿನ ಕಾಲ

ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟುಹೋದ ಜೀಪುಗಳು ಭಾರತದಲ್ಲಿ ಏಲಂ ಆದವು. ಅವನ್ನೇ ನಮ್ಮ ಹಿರಿಯರು ಡಿಸ್ಪೋಸಲ್ ಜೀಪು ಎನ್ನುತ್ತಿದ್ದರು. ಸ್ವತಂತ್ರ ಭಾರತದ ಮೊದಲ ಹಗರಣಗಳಲ್ಲಿ ಒಂದು ಕೂಡ ಹಳೆ ಜೀಪಿನದ್ದೇ. 1948ರಲ್ಲಿ ಕಾಶ್ಮೀರದ ಯುದ್ಧಕ್ಕಾಗಿ ವಿ.ಕೆ. ಕೃಷ್ಣ ಮೆನನ್ ಲಂಡನ್ನಿನಿಂದ ಹಳೆ ಜೀಪು ತರಿಸಲು ಒಪ್ಪಂದ ಮಾಡಿದರು. ಬಂದದ್ದು 155 ಮಾತ್ರ. ಅವನ್ನೂ ಸೈನ್ಯ ಉಪಯೋಗಕ್ಕೆ ಬಾರದವು ಎಂದು ತಿರಸ್ಕರಿಸಿತು. ಹಳೆ ಗಾಡಿಯನ್ನು ಚೆನ್ನಾಗಿ ನೋಡಿ ಕೊಳ್ಳಬೇಕು ಎಂಬ ಪಾಠ ಸರ್ಕಾರಕ್ಕೇ ಮೊದಲು ಸಿಕ್ಕಿತು.

1945ರಲ್ಲಿ ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಂ ಮೊಹಮ್ಮದ್ ಸೇರಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಕಂಪೆನಿ ಶುರು ಮಾಡಿದರು. ದೇಶ ವಿಭಜನೆಯಾದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಹೆಸರಿನ ಮೊದಲಕ್ಷರ ಎರಡೂ 'ಎಂ' ಆಗಿಯೇ ಉಳಿದದ್ದರಿಂದ ಎಂ ಅಂಡ್ ಎಂ ಗುರುತು ಬದಲಾಗಲಿಲ್ಲ.

ಅದೇ ಕಂಪೆನಿ 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಲೈಸೆನ್ಸ್ ಪಡೆದು ಇಲ್ಲೇ ತಯಾರಿಸಿತು. ಅದರಲ್ಲಿ ಹೆಚ್ಚು ಕಾಲ ಬಾಳಿದ್ದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ಅಮೆರಿಕದಲ್ಲಿ 1968ಕ್ಕೆ ಅದರ ತಯಾರಿಕೆ ನಿಂತಿತು. ನಮ್ಮಲ್ಲಿ ಅದೇ ಮೈಕಟ್ಟಿನ ಗಾಡಿಗಳು ಇನ್ನೂ ದಶಕಗಟ್ಟಲೆ ಬಂದವು. ಮಲೆನಾಡಿನ ತೋಟಗಳಲ್ಲಿ, ಸುಳ್ಯ ಬೆಳ್ತಂಗಡಿ ಕಡೆಯ ಸರ್ವಿಸ್ ಜೀಪುಗಳಲ್ಲಿ, ಪೊಲೀಸ್ ಸ್ಟೇಷನ್ನುಗಳ ಎದುರಿನಲ್ಲಿ ಕಂಡದ್ದೆಲ್ಲ ಈ ಬಳಗವೇ. ಭಾಗಗಳು ದಶಕಗಳ ಕಾಲ ಹೆಚ್ಚು ಬದಲಾಗದೆ ಇದ್ದದ್ದರಿಂದ ತಂದೆ ಕಲಿತ ರಿಪೇರಿ ಮಗನಿಗೂ ಉಪಯೋಗಕ್ಕೆ ಬಂತು. ಅಂಗಳದ ವಿದ್ಯೆ ಬೇರು ಬಿಟ್ಟದ್ದು ಹೀಗೆ.

ಮೇಸ್ತ್ರಿ, ಚಾವಿ, ಪಗಾರ

ಗೋವಾದ ಕತೆ ಸ್ವಲ್ಪ ಬೇರೆ. 1961ರ ಡಿಸೆಂಬರ್ 19ರ ತನಕ ಅದು ಪೋರ್ಚುಗೀಸರ ಕೈಯಲ್ಲಿತ್ತು. ಪೋರ್ಚುಗಲ್ ದೇಶ 1928ರಲ್ಲಿ ರಸ್ತೆಯ ಬಲಬದಿಗೆ ಬದಲಾಯಿತು. ಗೋವಾ ಮಾತ್ರ ಅಕ್ಕಪಕ್ಕದ ಬ್ರಿಟಿಷ್ ಸೀಮೆಯ ಜೊತೆ ಎಡಬದಿಯಲ್ಲೇ ಉಳಿಯಿತು. ಭಾರತದಲ್ಲಿ ಅಂಬಾಸಡರ್, ಫಿಯಟ್ ಬಿಟ್ಟರೆ ಹೆಚ್ಚು ಆಯ್ಕೆ ಇಲ್ಲದಿದ್ದ ಆ ಕಾಲದಲ್ಲಿ ಗೋವಾದ ಟ್ಯಾಕ್ಸಿಗಳಲ್ಲಿ ಮರ್ಸಿಡಿಸ್ ಬೆಂಝ್, ಒಪೆಲ್ ಗಾಡಿಗಳಿದ್ದವು. ವಿಮೋಚನೆಯ ನಂತರ ಹೊರದೇಶದ ಸಾಮಾನು ಬರುವುದು ನಿಂತಿತು, ಗಾಡಿಗಳು ನಿಲ್ಲಲಿಲ್ಲ. ಸ್ಪೇರ್ ಸಿಗದ ಗಾಡಿಯನ್ನು ಓಡಿಸಬೇಕಾದರೆ ಲೇತಿನಲ್ಲಿ ಕಡೆಯಬೇಕು, ಬೇರೆ ಗಾಡಿಯ ಭಾಗ ತಂದು ಕೂರಿಸಬೇಕು. ಗೋವಾದ ಮೇಸ್ತ್ರಿಗಳ ಕೈ ಪಳಗಿದ್ದು ಅಲ್ಲಿ.

ಮೇಸ್ತ್ರಿ ಎಂಬ ಮಾತು ಕೂಡ ಪೋರ್ಚುಗೀಸರದ್ದೇ, ಮೆಸ್ತ್ರೆ ಅಂದರೆ ಗುರು. ಚಾವಿ ಅವರದು, ಪಗಾರ ಅವರದು. ಕೊಂಕಣಿ, ಕನ್ನಡ, ಬ್ಯಾರಿ ಮಾತಾಡುವವರು ಒಂದೇ ಗ್ಯಾರೇಜಿನಲ್ಲಿ ಕೆಲಸ ಮಾಡುವಾಗ ಭಾಷೆಯ ತಕರಾರು ಬಾರದೆ ಇರುವುದಕ್ಕೆ ಇಂಥ ಮಾತುಗಳೂ ಒಂದು ಕಾರಣ.

ಇನ್ನೊಂದು ಕಡೆ ಗಣಿ. ಸಾಂಗೆ, ಕುಡಚಡೆ, ಸಾವರ್ಡೆ, ಡಿಚೋಲಿ ಸೀಮೆಯ ಕಬ್ಬಿಣದ ಅದಿರು ಟಿಪ್ಪರಿನಲ್ಲಿ ನದಿಯ ಜೆಟ್ಟಿಗೆ ಬರುತ್ತಿತ್ತು, ಅಲ್ಲಿಂದ ಬಾರ್ಜಿನಲ್ಲಿ ಜುವಾರಿ, ಮಾಂಡವಿ ನದಿಗಳಲ್ಲಿ ಇಳಿದು ಮೊರ್ಮುಗಾಂವ್ ಬಂದರಿಗೆ ಹೋಗುತ್ತಿತ್ತು. ಈ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಸಾವಿರಾರು ಜನ ಬಂದರು. ಕರಾವಳಿಯಿಂದ ಬಂದ ನಮ್ಮಂಥವರು ಅವರಿಗೆ ಅಕ್ಕಿ, ಬೇಳೆ, ಬೀಡಿ ಮಾರಿದೆವು. ಗಣಿ ಸೀಮೆಯ ಕೆಂಪು ಧೂಳು ಗಾಡಿಗೆ ದೊಡ್ಡ ಶತ್ರು. ಹಳೆ ಜೀಪುಗಳಲ್ಲಿ ಇದಕ್ಕೆ ಮದ್ದು ಇತ್ತು. ಏರ್ ಫಿಲ್ಟರಿನ ತಳದಲ್ಲಿ ಆಯಿಲ್ ತುಂಬಿರುತ್ತಿತ್ತು, ಗಾಳಿ ಅದರ ಮೇಲೆ ಹಾದು ತಿರುಗುವಾಗ ಧೂಳು ಆಯಿಲಿಗೆ ಅಂಟಿಕೊಳ್ಳುತ್ತಿತ್ತು. ತೆಗೆದು ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಆಯಿಲ್ ಹಾಕಿದರೆ ಆಯಿತು. ಕಾಗದದ ಫಿಲ್ಟರ್ ಬಂದ ಮೇಲೆ ಅದನ್ನು ತೊಳೆಯುವ ಹಾಗಿಲ್ಲ, ತಟ್ಟಿ ಧೂಳು ಉದುರಿಸಬಹುದು, ಇಲ್ಲವೇ ಬದಲಿಸಬೇಕು. ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಲೆಕ್ಕ ಗಣಿ ಸೀಮೆಗೆ ಸಾಲುವುದಿಲ್ಲ. ಎಷ್ಟು ಓಡಿತು ಎನ್ನುವುದರ ಜೊತೆಗೆ ಎಲ್ಲಿ ಓಡಿತು ಎನ್ನುವುದನ್ನೂ ನೋಡಬೇಕು.

ಹೊಗೆ ಓದುವ ವಿದ್ಯೆ

ಮೊದಲ ಜೀಪುಗಳು ಪೆಟ್ರೋಲಿನವು. 1973ರಲ್ಲಿ ಜಗತ್ತಿನಲ್ಲಿ ತೈಲದ ಬೆಲೆ ಏರಿದ ಮೇಲೆ ಬಾಡಿಗೆ ಜೀಪಿಗೆ ಪೆಟ್ರೋಲ್ ಹಾಕಿ ಹೊಟ್ಟೆ ತುಂಬುವ ಹಾಗಿರಲಿಲ್ಲ. ಜೀಪಿಗೆ ಡೀಸೆಲ್ ಎಂಜಿನ್ ಬಂತು. ಒಂದು ಕವಲು ಟ್ರ್ಯಾಕ್ಟರ್ ಎಂಜಿನಿನಿಂದ ಬಂದದ್ದು, ಇನ್ನೊಂದು ಫ್ರಾನ್ಸಿನ ಪೂಜೋ ಕಂಪೆನಿಯ ಲೈಸೆನ್ಸಿನದು. ಆ ಪೂಜೋ ಎಂಜಿನಿನ ಹೆಸರು ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, ಒಂದೊಂದರ ವ್ಯಾಸ 90 ಮಿಲಿಮೀಟರ್ ಎಂದು ಹೆಸರಿನಲ್ಲೇ ಇದೆ. ಸ್ಟ್ರೋಕ್ 83 ಮಿಲಿಮೀಟರ್. ಗುಣಿಸಿ ನೋಡಿ, 2112 ಸಿಸಿ ಬರುತ್ತದೆ.

ಪೂಜೋ ಎಂಜಿನಿನಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯಲ್ಲಿ ಉರಿದು ನಂತರ ಪಿಸ್ಟನ್ನಿನ ಮೇಲೆ ಬರುತ್ತದೆ. ಬೆಳಿಗ್ಗೆ ಆ ಕೋಣೆ ತಣ್ಣಗಿರುವುದರಿಂದ ಹೀಟರ್ ಪ್ಲಗ್ ಬೇಕು. ಟ್ರ್ಯಾಕ್ಟರ್ ಕವಲಿನ ಡಿಐ ಎಂಜಿನಿನಲ್ಲಿ ಡೀಸೆಲ್ ನೇರ ಪಿಸ್ಟನ್ನಿನ ಮೇಲೆ ಬೀಳುತ್ತದೆ, ನಮ್ಮ ಸೀಮೆಯ ಚಳಿಗೆ ಹೀಟರ್ ಬೇಡ, ಆದರೆ ಸದ್ದು ಜಾಸ್ತಿ. ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂಬ ಒಂದೇ ದೂರಿಗೆ ಒಂದು ಎಂಜಿನಿನಲ್ಲಿ ಮೊದಲು ಹೀಟರ್ ನೋಡಬೇಕು, ಇನ್ನೊಂದರಲ್ಲಿ ಡೀಸೆಲ್ ಲೈನ್ ನೋಡಬೇಕು.

ಇವೆರಡಕ್ಕೂ ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್ ಬೇಕು. ಅದರಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ, ಅಂದರೆ ಮೈಕೊ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಆಯಿತು. ಗೋವಾದ ಗ್ಯಾರೇಜಿನಲ್ಲಿ ಈಗಲೂ 'ಮೈಕೊ ಪಂಪ್' ಎಂದರೇ ಅರ್ಥವಾಗುವುದು.

ಈ ಡೀಸೆಲ್ ಕಾಲದಲ್ಲಿ ಹುಟ್ಟಿದ ರೋಗ ಪತ್ತೆಯ ವಿದ್ಯೆಗೆ ಬೇಕಾದದ್ದು ಕಣ್ಣು, ಕಿವಿ, ಮೂಗು ಮತ್ತು ಎರಡು ಪಾನಾ. ಹೊಗೆ ಕಪ್ಪಗಿದ್ದರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಮೊದಲು ಕಡಿಮೆ ಖರ್ಚಿನ ಏರ್ ಫಿಲ್ಟರ್ ನೋಡು, ಆಮೇಲೆ ಇಂಜೆಕ್ಟರಿಗೆ ಹೋಗು. ಹೊಗೆ ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ರಿಂಗ್ ಸವೆದಿರಬಹುದು, ವಾಲ್ವ್ ಸೀಲ್ ಹೋಗಿರಬಹುದು, ಟರ್ಬೊ ಇದ್ದರೆ ಅದರ ಸೀಲೂ ಆಗಬಹುದು. ಬಿಳಿ ಹೊಗೆಗೆ ಎರಡು ಅರ್ಥ. ಕಣ್ಣು ಉರಿಸುವ ಡೀಸೆಲ್ ವಾಸನೆ ಇದ್ದರೆ ಉರಿಯದ ಡೀಸೆಲ್. ಹಬೆಯ ಹಾಗೆ ಬಂದು, ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಓಡುತ್ತಿರುವ ಎಂಜಿನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸ್ ಬುಸ್ ಎಂದು ಮೇಲೆ ಬಂದರೆ ಮೇಸ್ತ್ರಿಗಳು 'ಬ್ಯಾಕ್ ಕಂಪ್ರೆಷನ್' ಎನ್ನುತ್ತಾರೆ. ಉರಿದ ಗಾಳಿ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿಯುತ್ತಿದೆ ಎಂದರ್ಥ. ನಾಲ್ಕರಲ್ಲಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡಲು ಇಂಜೆಕ್ಟರಿಗೆ ಬರುವ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲ ಮಾಡುತ್ತಿದ್ದರು. ಸಡಿಲ ಮಾಡಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಸರಿ. ಏನೂ ಬದಲಾಗದಿದ್ದರೆ ರೋಗ ಅಲ್ಲೇ. ಕಾಸು ಖರ್ಚಿಲ್ಲದ ಪರೀಕ್ಷೆ. ಈ ಪರೀಕ್ಷೆಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಗಣಿ ನಿಂತ ವರ್ಷ

ಬೊಲೆರೊ ಮಾರುಕಟ್ಟೆಗೆ ಬಂದದ್ದು 2000ದಲ್ಲಿ. ಉಪ್ಪ ನಮ್ಮದನ್ನು 2004ರಲ್ಲಿ ಕೊಂಡರು. ಗಣಿ ಜೋರಾಗಿದ್ದ ಕಾಲ ಅದು, ಚೀನಾಕ್ಕೆ ಅದಿರು ಹೋಗುತ್ತಿತ್ತು. ಅಂಗಡಿಯ ಸಾಮಾನು ತರಲು, ಮದುವೆ ಮಯ್ಯತ್ತಿಗೆ ಊರಿಗೆ ಹೋಗಿ ಬರಲು ಒಂದೇ ಗಾಡಿ.

2012ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಎಂ.ಬಿ. ಶಾ ಆಯೋಗದ ವರದಿಯ ನಂತರ ಗೋವಾ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ತಡೆ ಹಾಕಿತು. 2014ರಲ್ಲಿ ಮಿತಿ ಹಾಕಿ ಬಿಟ್ಟರು. 2018ರ ಫೆಬ್ರುವರಿಯಲ್ಲಿ ಕೋರ್ಟು 88 ಗಣಿ ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು, ಮಾರ್ಚಿನಲ್ಲಿ ಮತ್ತೆ ಎಲ್ಲ ನಿಂತಿತು. ಕಾಡು, ನದಿ, ಗದ್ದೆ ಹಾಳಾದ ದೂರು ಸುಳ್ಳಲ್ಲ. ಟಿಪ್ಪರಿನ ಕಂತು ಕಟ್ಟಲಾಗದೆ ಕುಳಿತವರ ಕಷ್ಟವೂ ಸುಳ್ಳಲ್ಲ. ನಮ್ಮ ಅಂಗಡಿಯ ಕಡದ ಪುಸ್ತಕದಲ್ಲಿ ಅರ್ಧ ಹೆಸರು ಟಿಪ್ಪರ್ ಡ್ರೈವರುಗಳದು. ಕೆಲವರು ಊರಿಗೆ ಹೋಗಿ ಅಲ್ಲಿಂದ ದುಡ್ಡು ಕಳಿಸಿದರು, ಕೆಲವರು ಕಳಿಸಲಾಗಲಿಲ್ಲ. ಉಪ್ಪ ಯಾರ ಮನೆಗೂ ಕೇಳಲು ಹೋಗಲಿಲ್ಲ. ಹೊಸ ಗಾಡಿಯ ಮಾತು ಅಲ್ಲಿಗೆ ನಿಂತಿತು. ಹಳೆಯದನ್ನು ಅಂಗಳದಲ್ಲೇ ನೋಡಿಕೊಳ್ಳುವುದು ನಮಗೆ ಹವ್ಯಾಸವಾಗಿ ಬಂದದ್ದಲ್ಲ, ಹೀಗೆ ಬಂದದ್ದು.

2019ರ ಸುಮಾರಿಗೆ ಗಾಡಿಗೆ ಒಂದು ಖಾಯಿಲೆ ಹಿಡಿಯಿತು. ಬೆಳಿಗ್ಗೆ ಎಷ್ಟು ತಿರುಗಿಸಿದರೂ ಸ್ಟಾರ್ಟ್ ಆಗುವುದಿಲ್ಲ, ಆದ ಮೇಲೆ ಒಂದು ನಿಮಿಷ ಬಿಳಿ ಹೊಗೆ, ಮಧ್ಯಾಹ್ನದ ಹೊತ್ತಿಗೆ ಏನೂ ಆಗದ ಹಾಗೆ ಅರ್ಧ ತಿರುವಿಗೆ ಸ್ಟಾರ್ಟ್. ಒಂದು ವರ್ಕ್‌ಶಾಪಿನವರು ಪಂಪ್ ಇಳಿಸಿ ಪೂರ್ತಿ ಓವರ್‌ಹಾಲ್ ಮಾಡಬೇಕು ಎಂದು ಅಂಗಡಿಯ ಒಂದು ತಿಂಗಳ ಲಾಭದಷ್ಟು ಲೆಕ್ಕ ಕೊಟ್ಟರು. ಉಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಪಂಪ್ ಹಾಳಾಗಿದ್ದರೆ ಮಧ್ಯಾಹ್ನ ಹೇಗೆ ಸರಿ ಇರುತ್ತದೆ?"

ಪ್ರಶ್ನೆ ಸರಿಯಾಗಿತ್ತು. ರಾತ್ರಿ ಮಾತ್ರ ಆಗುವುದು ಏನು? ಗಾಡಿ ಗಂಟೆಗಟ್ಟಲೆ ನಿಂತಿರುತ್ತದೆ. ಡೀಸೆಲ್ ಲೈನಿನಲ್ಲಿ ಎಲ್ಲೋ ಗಾಳಿ ಒಳಗೆ ಬರಲು ದಾರಿ ಇದ್ದರೆ ಅಷ್ಟು ಹೊತ್ತಿನಲ್ಲಿ ಡೀಸೆಲ್ ಹಿಂದಕ್ಕೆ ಟ್ಯಾಂಕಿಗೆ ಇಳಿದುಬಿಡುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಗಾಳಿ. ಪರೀಕ್ಷೆಗೆ ಪಂಪಿನ ಮೊದಲು ಒಂದು ತುಂಡು ಪಾರದರ್ಶಕ ಪೈಪ್ ಕೂರಿಸಿದೆವು. ಬೆಳಿಗ್ಗೆ ತಿರುಗಿಸಿದಾಗ ಗುಳ್ಳೆಗಳು ಸಾಲಾಗಿ ಬಂದವು. ಕೈಪಂಪು ಒತ್ತಿ ಡೀಸೆಲ್ ತುಂಬಿಸಿ ತಿರುಗಿಸಿದರೆ ತಕ್ಷಣ ಸ್ಟಾರ್ಟ್. ಅಲ್ಲಿಗೆ ಪಂಪಿನ ಮೇಲಿನ ಆರೋಪ ಬಿದ್ದುಹೋಯಿತು. ಟ್ಯಾಂಕಿನಿಂದ ಶುರು ಮಾಡಿ ಒಂದೊಂದೇ ಜಾಯಿಂಟ್ ನೋಡುತ್ತಾ ಬಂದಾಗ ಫಿಲ್ಟರ್ ಹತ್ತಿರದ ರಬ್ಬರ್ ಪೈಪಿನ ತುದಿ ವಯಸ್ಸಿಗೆ ಬಿರಿದಿತ್ತು. ಡೀಸೆಲ್ ಹೊರಗೆ ಸೋರುವಷ್ಟು ಅಲ್ಲ, ಗಾಳಿ ಒಳಗೆ ಹೋಗುವಷ್ಟು. ಒಂದು ಅಡಿ ಪೈಪ್, ಎರಡು ಕ್ಲಿಪ್, ನಾಲ್ಕು ತಾಮ್ರದ ವಾಷರ್. ಅಷ್ಟೇ ಖರ್ಚು.

ಡಿಪ್ಲೊಮಾದಲ್ಲಿ ಡೀಸೆಲ್ ಸೈಕಲ್‌ನ ಗ್ರಾಫ್ ಬರೆದು ಪಾಸಾದವನು ನಾನು. ರೋಗ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ಮೊದಲು ಕೇಳುವ ಕ್ರಮ ನನಗೆ ಸಿಕ್ಕಿದ್ದು ಅಂಗಳದಲ್ಲಿ.

ಕುಳೆಂನ ನೀರು

ಹಳೆ ಜೀಪು ಜಾತಿಯ ಗಾಡಿಗಳನ್ನು ಇಂದಿಗೂ ದುಡಿಸುವ ಜಾಗ ನೋಡಬೇಕಾದರೆ ಕುಳೆಂಗೆ ಹೋಗಬೇಕು. ಕರ್ನಾಟಕದ ಗಡಿಗೆ ತಾಗಿಕೊಂಡ ಭಗವಾನ್ ಮಹಾವೀರ ಅಭಯಾರಣ್ಯದೊಳಗೆ ದೂಧ್‌ಸಾಗರ್ ಜಲಪಾತ ಇದೆ, ಎತ್ತರ ಸುಮಾರು 310 ಮೀಟರ್. ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ಯುವುದು ಸ್ಥಳೀಯರ ಜೀಪುಗಳು. ಕಾಡಿನ ದಾರಿಯಲ್ಲಿ ಹೊಳೆಯೊಳಗೇ ಇಳಿದು ದಾಟಬೇಕು. ಮಳೆಗಾಲದಲ್ಲಿ ದಾರಿ ಬಂದ್. ಕೊಡಗಿನ ಮಾಂದಲಪಟ್ಟಿಯ ಜೀಪುಗಳನ್ನು ನೋಡಿದವರಿಗೆ ಈ ದುಡಿಮೆ ಗೊತ್ತಾಗುತ್ತದೆ.

ಹೊಳೆ ದಾಟುವ ಗಾಡಿಗೆ ಬರುವ ರೋಗವೇ ಬೇರೆ. ಓಡಿ ಓಡಿ ಬಿಸಿಯಾದ ಡಿಫರೆನ್ಶಿಯಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಸವೆದ ಸೀಲಿನಿಂದಲೋ ಉಸಿರಾಟದ ತೂತಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಆಯಿಲ್ ತೆಗೆದು ನೋಡಿದರೆ ಹಾಲು ಹಾಕಿದ ಚಹಾದ ಹಾಗಿರುತ್ತದೆ. ಬದಲಿಸದೆ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿದು ಊಳಿಡಲು ಶುರು. ಹಾಗಾಗಿ ಉಸಿರಾಟದ ತೂತಿಗೆ ಒಂದು ಪೈಪ್ ಕೊಟ್ಟು ಮೇಲಕ್ಕೆ ಎತ್ತಿ ಕಟ್ಟುವುದು ನೀರಿಗಿಳಿಯುವ ಗಾಡಿಗೆ ಮೊದಲ ಕೆಲಸ. ಬ್ರೇಕ್ ಡ್ರಮ್ಮಿನೊಳಗೆ ಹೋದ ನೀರು ಆರಲು, ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಬೇಕು.

ಹೊಳೆಗೆ ಹೋಗದ ನಮ್ಮ ಗಾಡಿಗೂ ಇದರಲ್ಲಿ ಪಾಠ ಇದೆ. ಕರಾವಳಿಯ ಮಳೆಯಲ್ಲಿ ರಸ್ತೆಯೇ ಹೊಳೆ. ಸಮುದ್ರದ ಗಾಳಿಯ ಉಪ್ಪು ಚಾಸಿಯ ಪೆಟ್ಟಿಗೆಯೊಳಗೆ ಕೂತು ಒಳಗಿನಿಂದ ತಿನ್ನುತ್ತದೆ. ಹೊರಗೆ ಬಣ್ಣ ಚೆನ್ನಾಗಿರುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಉಕ್ಕಿನ ಟಣ್ ಸದ್ದಿನ ಬದಲು ಡಬ್ ಎನ್ನುತ್ತದೆ. ಎಂಜಿನ್ ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. ಚಾಸಿ ಹೋದರೆ ಗಾಡಿ ಹೋಯಿತು. ಅದಕ್ಕೇ ಮಳೆಗಾಲ ಮುಗಿದ ಕೂಡಲೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಚಾಸಿಯ ನೀರು ಹೋಗುವ ತೂತುಗಳ ಕೆಸರು ತೆಗೆಯುವುದು ನಮ್ಮಲ್ಲಿ ವರ್ಷದ ಮೊದಲ ಕೆಲಸ.

ಕಂಪ್ಯೂಟರ್ ಬಂದ ಮೇಲೆ

1997ರಲ್ಲಿ ಯುರೋಪಿನ ಕಾರುಗಳಲ್ಲಿ ಕಾಮನ್ ರೈಲ್ ಡೀಸೆಲ್ ಬಂತು. ಹೊಗೆಯ ಕಾನೂನು ಬಿಗಿಯಾದ ಹಾಗೆ ನಮ್ಮ ಎಸ್‌ಯುವಿಗಳಿಗೂ ಬಂತು. ಗಾಡಿಯೇ ತನ್ನ ರೋಗವನ್ನು ನಂಬರಿನಲ್ಲಿ ಬರೆದಿಡುವ ಒಬಿಡಿ ವ್ಯವಸ್ಥೆ ಅಮೆರಿಕದಲ್ಲಿ 1996ಕ್ಕೆ ಕಡ್ಡಾಯವಾಗಿತ್ತು. ಭಾರತದಲ್ಲಿ 2010ರಿಂದ ಹಂತಹಂತವಾಗಿ ಬಂದು 2013ಕ್ಕೆ ಬಿಗಿಯಾಯಿತು. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ಸಿಕ್ಕಿಸಿದರೆ ಮೊಬೈಲಿನಲ್ಲಿ ಕೋಡ್ ಕಾಣುತ್ತದೆ.

ಇದರಿಂದ ಅಂಗಳದ ವಿದ್ಯೆ ಸತ್ತಿತು ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪಿ 0087 ಎಂಬ ಕೋಡ್ ತೆಗೆದುಕೊಳ್ಳಿ. ಅದರ ಅರ್ಥ ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ. ಏಕೆ ಕಡಿಮೆ ಎಂದು ಅದು ಹೇಳುವುದಿಲ್ಲ. ಫಿಲ್ಟರ್ ಕಟ್ಟಿರಬಹುದು, ಲೈನಿಗೆ ಗಾಳಿ ಹೋಗುತ್ತಿರಬಹುದು, ಯಾವುದೋ ಇಂಜೆಕ್ಟರ್ ಡೀಸೆಲನ್ನು ಹಿಂದಕ್ಕೆ ಬಿಡುತ್ತಿರಬಹುದು, ಪಂಪ್ ಸವೆದಿರಬಹುದು. ಕೋಡ್ ನೋಡಿದ ಕೂಡಲೇ ಪಂಪ್ ಬದಲಿಸುವುದು ಜ್ವರ ಬಂದವನಿಗೆ ಆಪರೇಷನ್ ಮಾಡಿದ ಹಾಗೆ. ಅಗ್ಗದ ಕಾರಣದಿಂದ ಶುರು ಮಾಡಿ ಒಂದೊಂದನ್ನೇ ಬಿಡುತ್ತಾ ಹೋಗುವ ಹಳೆ ಕ್ರಮವೇ ಇಲ್ಲೂ ಬೇಕು. ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸಿದರೆ, ಬೇರೆಯವಕ್ಕಿಂತ ಬೇಗ ತುಂಬುವ ಬಾಟಲಿಯೇ ಸಾಕ್ಷಿ ಹೇಳುತ್ತದೆ.

ಆದರೆ ಒಂದು ವಿಷಯದಲ್ಲಿ ಹಳೆ ವಿದ್ಯೆ ಹಾಗೆಯೇ ಬಂದರೆ ಪ್ರಾಣಕ್ಕೆ ಅಪಾಯ. ಮೇಲೆ ಹೇಳಿದ ನಟ್ ಸಡಿಲಿಸುವ ಪರೀಕ್ಷೆ ಹಳೆ ಎಂಜಿನಿನದು. ಅಲ್ಲಿ ಇಂಜೆಕ್ಟರ್ ತೆರೆಯುವುದು ನೂರಿನ್ನೂರು ಬಾರ್ ಒತ್ತಡಕ್ಕೆ, ಸಡಿಲ ಮಾಡಿದರೆ ಡೀಸೆಲ್ ಹನಿಯುತ್ತದೆ ಅಷ್ಟೇ. ಕಾಮನ್ ರೈಲಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಓಡುತ್ತಿರುವಾಗ ಆ ನಟ್ ಸಡಿಲಿಸಿದರೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಡೀಸೆಲ್ ಎಳೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಕೈಯೇ ಕೊಳೆಯಬಹುದು. ಅಂಥದ್ದಾದರೆ ನೋವಿಲ್ಲ ಎಂದು ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಮ್ಮ ಹುಡುಗರು ಗಲ್ಫಿನಲ್ಲೂ ಊರಲ್ಲೂ ಗ್ಯಾರೇಜಿನಲ್ಲಿ ದುಡಿಯುತ್ತಾರೆ. ಹಿರಿಯರು ಕಲಿಸಿದ್ದನ್ನು ಯಾವ ಎಂಜಿನಿಗೆ ಮಾಡಬೇಕು, ಯಾವುದಕ್ಕೆ ಮಾಡಬಾರದು ಎಂದು ಅವರಿಗೆ ಹೇಳುವವರು ಬೇಕು. ಬಾಯಿಂದ ಬಾಯಿಗೆ ಬಂದ ವಿದ್ಯೆಯಲ್ಲಿ ಏನು ಮಾಡಬೇಕು ಎನ್ನುವುದು ಉಳಿಯುತ್ತದೆ, ಏಕೆ ಎನ್ನುವುದು ಉದುರಿಹೋಗುತ್ತದೆ. ಈ ಲೇಖನ ಬರೆಯಲು ಮುಖ್ಯ ಕಾರಣವೇ ಇದು.

ಗುಜರಿಯೋ, ಅಂಗಳವೋ

ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 'ಹದಿನೈದು ವರ್ಷ ಆದರೆ ಗಾಡಿ ಗುಜರಿಗೆ ಹಾಕಲೇಬೇಕಂತೆ' ಎಂದು ಅಂಗಡಿಗೆ ಬರುವವರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಅದು ದೆಹಲಿ ಸುತ್ತಿನ ಪ್ರದೇಶದ ಕತೆ, ಅಲ್ಲಿ 10 ವರ್ಷದ ಡೀಸೆಲ್ ಗಾಡಿ ಮತ್ತು 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟಿನ ನಿರ್ಬಂಧ ಬಂತು. ನಮ್ಮ ಸೀಮೆಯಲ್ಲಿ ತಪಾಸಣೆಯಲ್ಲಿ ಪಾಸಾದ ಖಾಸಗಿ ಗಾಡಿ ಓಡಬಹುದು. 2021ರ ಆಗಸ್ಟಿನಲ್ಲಿ ಬಂದ ಗುಜರಿ ನೀತಿಯಲ್ಲಿ ಗಾಡಿ ಒಪ್ಪಿಸಿದವರಿಗೆ ಹೊಸ ಖಾಸಗಿ ಗಾಡಿಯ ತೆರಿಗೆಯಲ್ಲಿ ಶೇ 25ರ ತನಕ ರಿಯಾಯಿತಿ ಕೊಡಲು ಅವಕಾಶ ಇದೆ. ಇಟ್ಟುಕೊಳ್ಳುವವರಿಗೆ ಶುಲ್ಕ ಏರಿದೆ. 2022ರ ಏಪ್ರಿಲಿನಿಂದ ಕಾರಿನ ಮರುನೋಂದಣಿ 600 ರೂಪಾಯಿಯಿಂದ 5000ಕ್ಕೆ ಹೋಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ ಅದು 10,000 ಆಯಿತು.

ನಮ್ಮ ಬೊಲೆರೊ 2019ರಲ್ಲಿ, 2024ರಲ್ಲಿ ಎರಡು ಸಲ ಪಾಸಾಗಿದೆ. ಮುಂದಿನದು 2029ಕ್ಕೆ. ಹಳೆ ಡೀಸೆಲ್ ಗಾಡಿಯ ಹೊಗೆ ಹೊಸದಕ್ಕಿಂತ ಕೆಟ್ಟದ್ದು, ಅದರಲ್ಲಿ ಚರ್ಚೆ ಇಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡುವವರು ಅಂಥದ್ದನ್ನು ಇಟ್ಟುಕೊಳ್ಳಬೇಡಿ ಎಂದೇ ಹೇಳುತ್ತೇನೆ. ವಾರಕ್ಕೆ ಎರಡು ದಿನ ಅಂಗಡಿಯ ಸಾಮಾನಿಗೆ ಹೋಗಿಬರುವ ಗಾಡಿಗೆ ಹೊಸ ಸಾಲ ಮಾಡಬೇಕೇ ಎಂಬುದು ಬೇರೆ ಲೆಕ್ಕ. ಆ ಲೆಕ್ಕವನ್ನು ಪ್ರತಿ ಮನೆಯೂ ತನ್ನ ಚಾಸಿ ತಟ್ಟಿ ನೋಡಿ, ಹೊಗೆ ನೋಡಿ, ಕಡದ ಪುಸ್ತಕ ನೋಡಿ ಮಾಡಿಕೊಳ್ಳಬೇಕು. ನಮ್ಮ ಗಾಡಿಯ ಚಾಸಿ ಇನ್ನೂ ಟಣ್ ಎನ್ನುತ್ತದೆ. ಡಬ್ ಎಂದ ದಿನ ಅದನ್ನು ನೋಂದಾಯಿತ ಗುಜರಿಗೆ ಒಪ್ಪಿಸುವುದು ಎಂದು ಉಪ್ಪನೂ ನಾನೂ ಮಾತಾಡಿಕೊಂಡಿದ್ದೇವೆ.

ಉಪ್ಪನಿಗೆ ಈಗ ಮಂಡಿ ನೋವು, ಬಗ್ಗಿ ನೆಲ ನೋಡಲು ಆಗುವುದಿಲ್ಲ. ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತು ಸದ್ದು ಕೇಳುತ್ತಾರೆ. ಅವರು ಹೇಳಿದ್ದನ್ನು ನಾನು ಒಂದು ನೋಟ್ ಬುಕ್ಕಿನಲ್ಲಿ ಬರೆಯುತ್ತಿದ್ದೇನೆ, ಎಡಪುಟದಲ್ಲಿ ಅವರು ಬ್ಯಾರಿಯಲ್ಲಿ ಹೇಳಿದ ಮಾತು, ಬಲಪುಟದಲ್ಲಿ ಕನ್ನಡದಲ್ಲಿ ಕಾರಣ. ಯಾವ ಎಂಜಿನಿಗೆ ಹೊಂದುತ್ತದೆ, ಯಾವುದಕ್ಕೆ ಇಲ್ಲ ಎಂದೂ ಬರೆಯುತ್ತೇನೆ. ಅರವತ್ತು ಪುಟ ದಾಟಿದೆ. ನಿಮ್ಮ ಮನೆಯಲ್ಲೂ ಲಾರಿ, ಜೀಪು, ದೋಣಿಯ ಎಂಜಿನ್ ನೋಡಿಕೊಂಡ ಹಿರಿಯರು ಇದ್ದರೆ ಈ ರಜೆಯಲ್ಲಿ ಒಂದು ಪುಸ್ತಕ ಹಿಡಿದು ಅವರ ಹತ್ತಿರ ಕೂತುಕೊಳ್ಳಿ. ಮೊದಲು ಕೇಳಬೇಕಾದದ್ದು ಇಷ್ಟು: ಬೆಳಿಗ್ಗೆ ಎದ್ದ ಕೂಡಲೇ ನೀವು ಗಾಡಿಯಲ್ಲಿ ಏನು ನೋಡುತ್ತಿದ್ದಿರಿ, ಮತ್ತು ಏಕೆ?